‘ಲೈನ್ ಅಂದ್ರೆ ಮನೆ’ ಅಂತ ಬರೆದ ಹುಡುಗನಿಗೆ ಮಾರ್ಕು ಕೊಡಬೇಕಾ?

ನಾಪೋಕ್ಲು ಟೀಚರ್:
ಏಳನೇ ತರಗತಿಗೆ ಇಂಗ್ಲಿಷ್ ಹೇಳಿಕೊಡ್ತೀನಿ. ಮೊನ್ನೆ ಕಿರುಪರೀಕ್ಷೆಯಲ್ಲಿ ಒಂದಷ್ಟು ಇಂಗ್ಲಿಷ್ ಪದ ಕೊಟ್ಟು ಕನ್ನಡದಲ್ಲಿ ಅರ್ಥ ಬರೆಯೋಕೆ ಹೇಳಿದ್ದೆ. ‘ಲೈನ್’ ಅದರಲ್ಲೊಂದು, ಸುಲಭದ್ದು ಅಂತಲೇ ಮೊದಲಿಗೆ ಇಟ್ಟಿದ್ದು. ಹೆಚ್ಚಿನ ಮಕ್ಕಳು ಗೆರೆ, ಸಾಲು ಅಂತ ಬರೆದರು. ಒಬ್ಬಳು ‘ಕರೆಂಟಿನ ತಂತಿ’ ಅಂದಳು. ಒಬ್ಬ ‘ಕ್ಯೂ’ ಅಂತ ಬರೆದು ಇಂಗ್ಲಿಷಿಗೆ ಇಂಗ್ಲಿಷನ್ನೇ ವಾಪಸ್ ಕೊಟ್ಟ. ಕಾಫಿ ತೋಟದಿಂದ ಬರುವ ಒಬ್ಬ ಹುಡುಗ ಮಾತ್ರ ‘ಮನೆ’ ಅಂತ ಬರೆದಿದ್ದಾನೆ.

ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ಹಿರಿಯ ಮೇಷ್ಟ್ರು ‘ತಪ್ಪು ತಪ್ಪೇ, ಸೊನ್ನೆ ಹಾಕಿ’ ಅಂತಾರೆ. ನನಗೆ ಹಾಗನ್ನಿಸ್ತಿಲ್ಲ. ಆದ್ರೆ ಸರಿ ಅನ್ನೋಕೂ ಗಟ್ಟಿ ಕಾರಣ ಬೇಕಲ್ಲ. ಇಲ್ಲಿ ತೋಟದವರು, ಪೇಟೆಯವರು, ಮಿಲಿಟರಿಯವರು ಎಲ್ಲರೂ ಇದ್ದೀರಿ. ಮಾರ್ಕು ಕೊಡಬೇಕಾ ಹೇಳಿ. ಹಾಗೇ ನಿಮ್ಮ ನಿಮ್ಮ ಕೆಲಸದಲ್ಲಿ ‘ಲೈನ್’ ಅಂದ್ರೆ ಏನು ಅಂತಲೂ ಬರೀರಿ, ಕ್ಲಾಸಿಗೆ ಉಪಯೋಗ ಆಗ್ತದೆ.

ಸುಂಟಿಕೊಪ್ಪದ ರೈಟರ್:
ಕೊಡಿ ಟೀಚರ್, ಯೋಚನೆ ಎಂತಕ್ಕೆ? ಕೆಲಸದವರ ಮನೆಗಳ ಸಾಲಿಗೆ ತೋಟದಲ್ಲಿ ಲೈನ್ ಅಂತಲೇ ಹೆಸರು. ನಮ್ಮ ಲೆಕ್ಕದ ಪುಸ್ತಕ ತೆಗೆದ್ರೆ ‘ಲೈನ್ ರಿಪೇರಿ’, ‘ಲೈನಿಗೆ ಸುಣ್ಣ’, ‘ಲೈನಿನ ನೀರಿನ ಮೋಟಾರ್’ ಅಂತಲೇ ಇರೋದು. ‘ಮನೆ’ ಅನ್ನೋ ಪದವೇ ಇಲ್ಲ. ಮೇಸ್ತ್ರಿ ಬೆಳಿಗ್ಗೆ ‘ಲೈನಿಂದ ಇನ್ನೂ ಯಾರೂ ಇಳಿದಿಲ್ಲ’ ಅಂದ್ರೆ ಯಾರೂ ಮನೆ ಬಿಟ್ಟು ಹೊರಟಿಲ್ಲ ಅಂತ. ನಿಮ್ಮ ಪಾಠದಲ್ಲಿ ‘ರೈಟರ್’ ಅಂದ್ರೆ ಸಾಹಿತಿ ಇರಬಹುದು. ನಾನು ಹಾಜರಿ ಪುಸ್ತಕ ಬಿಟ್ಟು ಬೇರೇನೂ ಬರೆದವನಲ್ಲ, ಆದ್ರೂ ಊರಿಗೆಲ್ಲ ರೈಟರೇ. ನನಗೂ ಸೊನ್ನೆ ಹಾಕ್ತೀರಾ?

ನಿಘಂಟಿನ ಹುಳ, ಕುಶಾಲನಗರ:
ರೈಟರ್ ಅಣ್ಣನ ಮಾತು ಚಂದ, ಆದ್ರೆ ವಾದ ನಿಲ್ಲಲ್ಲ. ಪರೀಕ್ಷೆ ಯಾವ ಭಾಷೆದು? ಇಂಗ್ಲಿಷಿಂದು. ಇಂಗ್ಲಿಷ್ ಮಾತಾಡುವವನಿಗೆ ಲೈನ್ ಅಂದ್ರೆ ಮನೆ ಅಲ್ಲ. ನಾವು ಕೊಡಗಿನಲ್ಲಿ ‘ಲೈನ್ ಮನೆ’ಯಿಂದ ‘ಮನೆ’ ತೆಗೆದುಹಾಕಿ ‘ಲೈನ್’ ಅಂತ ಉಳಿಸಿಕೊಂಡಿದ್ದೀವಿ. ‘ಬಸ್ ಸ್ಟ್ಯಾಂಡ್’ ಅನ್ನೋದನ್ನ ಬರೀ ‘ಸ್ಟ್ಯಾಂಡ್’ ಅಂದ ಹಾಗೆ. ಅದು ನಮ್ಮ ಕನ್ನಡದ ಬಳಕೆ, ಇಂಗ್ಲಿಷಿನ ಅರ್ಥ ಅಲ್ಲ. ಹುಡುಗ ನಾಳೆ ಮೈಸೂರಲ್ಲೋ ಬೆಂಗಳೂರಲ್ಲೋ ಪರೀಕ್ಷೆ ಬರೀತಾನೆ, ಅಲ್ಲಿ ಯಾರೂ ಅರ್ಧ ಮಾರ್ಕೂ ಕೊಡಲ್ಲ. ಕನಿಕರಕ್ಕೆ ಮಾರ್ಕು ಕೊಟ್ರೆ ಹುಡುಗನಿಗೇ ನಷ್ಟ.

ಭಾಗಮಂಡಲ ಕಡೆಯವ:
ಹುಳ ಅಣ್ಣ, ಬಸ್ ಸ್ಟ್ಯಾಂಡಿಗೆ ‘ಸ್ಟ್ಯಾಂಡ್’ ಅನ್ನೋದು ಇಂಗ್ಲಿಷರೂ ಹೇಳ್ತಾರಪ್ಪ 😄 ಮುಂದೆ ನಡೀಲಿ, ಓದ್ತಾ ಇದ್ದೀನಿ.

ಬೆಂಗಳೂರು ಸೇರಿದ ವಿರಾಜಪೇಟೆಯವ:
ಪತ್ರಿಕೆಯ ಡೆಸ್ಕಲ್ಲಿ ಕೂತು ಬೇರೆಯವರ ಲೈನು ತಿದ್ದೋದೇ ನನ್ನ ಹೊಟ್ಟೆಪಾಡು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

‘ಲೈನ್’ ಪದದ ಬೇರು ಗೆರೆಯಲ್ಲಿಲ್ಲ, ನಾರಿನಲ್ಲಿದೆ. ಅಗಸೆ ಗಿಡಕ್ಕೆ ಲ್ಯಾಟಿನ್ನಿನಲ್ಲಿ ‘ಲೀನುಮ್’ ಅಂತ ಹೆಸರು. ಅದರ ನಾರಿನ ದಾರ ‘ಲೀನೆಆ’. ಹಳೆಯ ಇಂಗ್ಲಿಷಿನಲ್ಲಿ ಈ ಪದಕ್ಕೆ ಹಗ್ಗ ಅಂತಲೇ ಅರ್ಥ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ದಂಡುದಂಡಾಗಿ ಬಂದವಲ್ಲ, ಆಗ ಅದೇ ಲ್ಯಾಟಿನ್ ದಾರದ ಇನ್ನೊಂದು ತುದಿ ‘ಗೆರೆ, ಸಾಲು’ ಅನ್ನೋ ಅರ್ಥ ಹೊತ್ತುಕೊಂಡು ಬಂತು. ಎರಡೂ ಸೇರಿ ಇವತ್ತಿನ ಲೈನ್. ಹಡಗಿನವರು ಈಗಲೂ ಹಗ್ಗಕ್ಕೆ ಲೈನ್ ಅಂತಾರೆ. ಗಾಳದ ದಾರ ಲೈನ್, ಬಟ್ಟೆ ಒಣಹಾಕೋ ಹಗ್ಗ ಲೈನ್. ಲಿನನ್ ಬಟ್ಟೆ ಇದೇ ಮನೆತನ. ಹಳೇ ಬಂಗಲೆಗಳ ನೆಲಕ್ಕೆ ಹಾಸ್ತಿದ್ದ ಲಿನೋಲಿಯಂ ಕೂಡ; 1860ರ ದಶಕದಲ್ಲಿ ಅಗಸೆ ಎಣ್ಣೆಯಿಂದ ಅದನ್ನ ಮಾಡಿದವನು ಎರಡು ಲ್ಯಾಟಿನ್ ಪದ ಸೇರಿಸಿ ಆ ಹೆಸರಿಟ್ಟ.

ಹಗ್ಗ, ಗೆರೆ, ಸಾಲು, ವಂಶ, ಟೆಲಿಫೋನು, ಕಸುಬು, ಪದ್ಯದ ಪಾದ, ಇಷ್ಟೆಲ್ಲ ಆದ ಪದ ಮನೆ ಆಗಬಾರದು ಅಂತ ಹುಳ ಅವರು ಗಡಿ ಎಲ್ಲಿ ಎಳೀತಾರೆ? ನಮ್ಮ ‘ಪಂಕ್ತಿ’ಯನ್ನೇ ನೋಡಿ. ಸಂಸ್ಕೃತದಲ್ಲಿ ಅದು ಐದರ ಗುಂಪು. ಈಗ ಪದ್ಯದ ಸಾಲೂ ಪಂಕ್ತಿ, ಊಟಕ್ಕೆ ಕೂರೋದೂ ಪಂಕ್ತಿ. ಐದು ಯಾರಿಗೆ ನೆನಪಿದೆ?

ಅಮ್ಮತ್ತಿ ತೋಟ:
ವಿರಾಜಪೇಟೆಯವರು ಹೇಳಿದ್ದು ಓದಿ ಖುಷಿಯಾಯ್ತು. ನಮ್ಮಲ್ಲಿ ಲೈನ್ ಅಂದ್ರೆ ಇವತ್ತಿಗೂ ಮೊದಲು ಹಗ್ಗವೇ. ಹೊಸ ಗಿಡ ಹಾಕೋ ಮೊದಲು ‘ಲೈನ್ ಎಳೀಬೇಕು’ ಅಂತೀವಿ. ಉದ್ದದ ಹಗ್ಗಕ್ಕೆ ಅಳತೆ ಮಾಡಿ ಅಲ್ಲಲ್ಲಿ ಬಣ್ಣದ ಬಟ್ಟೆ ಚೂರು ಕಟ್ಟೋದು. ರೊಬಸ್ಟಾಕ್ಕೆ ಹತ್ತಡಿಗೊಂದು, ಅರೇಬಿಕಾ ಆದ್ರೆ ಆರೇಳು ಅಡಿಗೊಂದು. ಇಬ್ಬರು ಎರಡು ತುದಿ ಹಿಡಿದು ಬಿಗೀತಾರೆ, ಮೂರನೆಯವ ಬಟ್ಟೆ ಇದ್ದಲ್ಲೆಲ್ಲ ಗೂಟ ಹೊಡೀತಾ ಹೋಗ್ತಾನೆ, ಆಮೇಲೆ ಗೂಟ ಇದ್ದಲ್ಲಿ ಗುಂಡಿ. ಇಳಿಜಾರಿನಲ್ಲಿ ಮಾತ್ರ ನೇರ ಎಳೆಯೋಹಾಗಿಲ್ಲ, ಗುಡ್ಡದ ಸುತ್ತು ಹಿಡಿದು ಬಾಗಿಸಿಕೊಂಡು ಹೋಗಬೇಕು, ಇಲ್ಲದಿದ್ರೆ ಜುಲೈ ಮಳೆಗೆ ಮೇಲ್ಮಣ್ಣೆಲ್ಲ ತೋಡಿನ ಪಾಲು. ಅಂದ್ರೆ ನಮ್ಮ ‘ಲೈನ್’ ನೇರ ಇರಲೇಬೇಕು ಅಂತಿಲ್ಲ! ಗಣಿತದ ಮೇಷ್ಟ್ರಿಗೆ ಇದನ್ನ ಹೇಳಬೇಡಿ.

ಕಾಫಿ ಕೊಯ್ಲಿನಲ್ಲಿ ಮಾತ್ರ ಈ ಪದ ಬರಲ್ಲ. ಅಲ್ಲಿ ಆಳಿಗೊಂದು ‘ಸಾಲು’. ‘ನಿನ್ನ ಸಾಲಲ್ಲಿ ಹಣ್ಣು ಬಿಟ್ಟಿದ್ದೀಯ’ ಅಂತಾರೆ, ‘ನಿನ್ನ ಲೈನಲ್ಲಿ’ ಅಂದ್ರೆ ಅವರ ಮನೆ ಹತ್ತಿರ ಅಂತ ಅರ್ಥ ಆಗಿಬಿಡ್ತದೆ.

ಮಾಜಿ ಸುಬೇದಾರ್, ಪೊನ್ನಂಪೇಟೆ:
ಟೀಚರಮ್ಮ, ನಿಮ್ಮ ಹುಡುಗ ಸರಿಯಾಗೇ ಬರೆದಿದ್ದಾನೆ. ಸೈನ್ಯದಲ್ಲಿ ಜವಾನರು ಇರೋ ಜಾಗಕ್ಕೆ ‘ಲೈನ್ಸ್’ ಅಂತಲೇ ಹೆಸರು. ‘ಪರೇಡ್ ಮುಗೀತು, ಲೈನ್ಸಿಗೆ ಹೋಗಿ’ ಅಂದ್ರೆ ಬ್ಯಾರಕ್ಕಿಗೆ ಹೋಗಿ ಅಂತ. ‘ಯೂನಿಟ್ ಲೈನ್ಸ್’, ‘ಫ್ಯಾಮಿಲಿ ಲೈನ್ಸ್’ ಎಲ್ಲ ಕೇಳಿದ್ದೀರಿ. ಹಿಂದೆ ಡೇರೆಗಳನ್ನ ಹಗ್ಗ ಹಿಡಿದು ಸಾಲಾಗಿ ಹೊಡೀತಿದ್ರು, ಆಮೇಲೆ ಡೇರೆ ಹೋಗಿ ಗುಡಿಸಲು, ಗುಡಿಸಲು ಹೋಗಿ ಹಂಚಿನ ಮನೆ. ಹೆಸರು ಮಾತ್ರ ಲೈನ್ಸ್ ಅಂತಲೇ ಉಳೀತು. ಜಿಲ್ಲಾ ಕೇಂದ್ರಗಳ ಪೊಲೀಸ್ ಲೈನ್, ಉತ್ತರದ ಊರುಗಳ ಸಿವಿಲ್ ಲೈನ್ಸ್, ಎಲ್ಲ ಅದೇ ಪೈಕಿ.

ಬ್ರಿಟಿಷರು ಕೊಡಗು ತಗೊಂಡಿದ್ದು 1834ರಲ್ಲಿ. ಫೌಲರ್ ಅನ್ನೋ ದೊರೆ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟ ತೆಗೆದದ್ದು 1854ರಲ್ಲಿ. ಘಟ್ಟದ ಕೆಳಗಿಂದ, ಮೈಸೂರು ಸೀಮೆಯಿಂದ ಆಳು ತಂದರು, ಇರೋಕೆ ಜಾಗ ಕೊಡಬೇಕಲ್ಲ. ದಂಡಿನಲ್ಲಿ ಸಿಪಾಯಿಗೆ ಕಟ್ಟಿದ ಹಾಗೇ ತೋಟದಲ್ಲಿ ಕೂಲಿಗೂ ಸಾಲುಕೋಣೆ ಕಟ್ಟಿ ಅದೇ ಹೆಸರಿಟ್ಟರು. ಸಿಲೋನಿನ ಟೀ ತೋಟದಲ್ಲೂ ಇದೇ ಹೆಸರು. ಆದ್ದರಿಂದ ಹುಳ ಅವರೇ, ಇದು ಇಂಗ್ಲಿಷರೇ ತಂದಿಟ್ಟ ಅರ್ಥ. ನಾವು ಮಾಡಿದ್ದು ಕೊನೆಯ ‘ಸ್’ ಕಿತ್ತುಹಾಕಿದ್ದು ಅಷ್ಟೇ.

ನಿಘಂಟಿನ ಹುಳ, ಕುಶಾಲನಗರ:
ಸುಬೇದಾರ್ ಸಾರ್, ಸೆಲ್ಯೂಟ್. ಒಪ್ಪಿದೆ. ಆದ್ರೆ ಆ ‘ಸ್’ ಸಣ್ಣದಲ್ಲ. ಇಂಗ್ಲಿಷಿನಲ್ಲಿ ಬಹುವಚನಕ್ಕೆ ಮಾತ್ರ ಆ ಅರ್ಥ. ಒಬ್ಬ ಸಿಪಾಯಿಯ ಕೋಣೆ ‘ಲೈನ್’ ಅಲ್ಲ, ಕೋಣೆಗಳ ಸಾಲುಗಳು ಸೇರಿ ‘ಲೈನ್ಸ್’. ಹುಡುಗ ಬರೆದದ್ದು ‘ಮನೆ’, ಒಂದು ಮನೆ. ಅರ್ಧ ಮಾರ್ಕಿಗೆ ಒಪ್ತೀನಿ, ಅದಕ್ಕಿಂತ ಹೆಚ್ಚಿಗೆ ಒಪ್ಪಲ್ಲ 😊

ಪಾಲಿಬೆಟ್ಟದ ಲೈನ್ ಹುಡುಗಿ:
ನಾನು ಲೈನಲ್ಲೇ ಹುಟ್ಟಿ ಬೆಳೆದವಳು. ಈಗ ಮೈಸೂರಲ್ಲಿ ನರ್ಸ್. ಅಮ್ಮ ಇನ್ನೂ ಅಲ್ಲೇ ಇದ್ದಾಳೆ. ಏಕವಚನ ಬಹುವಚನದ ಲೆಕ್ಕ ನನಗೆ ಬೇಡ, ಬಳಕೆ ಹೇಳ್ತೀನಿ.

ನಮ್ಮಲ್ಲಿ ‘ಮನೆ’ ಅನ್ನೋ ಪದ ಬೇರೆಯವರ ಮನೆಗೆ. ದೊಡ್ಡ ಮನೆ ಅಂದ್ರೆ ಸಾಹುಕಾರರದ್ದು, ರೈಟರ ಮನೆ ಅಂದ್ರೆ ರೈಟರದ್ದು. ನಮ್ಮದು ಲೈನ್. ಮೇಲಿನ ಲೈನ್, ಕೆಳಗಿನ ಲೈನ್, ಹೊಸ ಲೈನ್. ‘ಹೊಸ’ದ್ದು ನಾನು ಹುಟ್ಟೋ ಮೊದಲೇ ಕಟ್ಟಿದ್ದು, ಹೆಸರು ಮಾತ್ರ ಹಳೇದಾಗಲಿಲ್ಲ. ಎದುರಿಗೆ ಉದ್ದಕ್ಕೂ ಒಂದೇ ಜಗಲಿ, ಒಂದು ಬಾಗಿಲಿಗೊಂದು ಸಂಸಾರ, ನಡುವಿನ ಗೋಡೆ ಹಂಚಿನ ತನಕ ಹೋಗಲ್ಲ. ಹಾಗಾಗಿ ಪಕ್ಕದವರ ಜಗಳ, ಒಗ್ಗರಣೆ, ಗೊರಕೆ ಎಲ್ಲ ನಮ್ಮದೂ ಹೌದು. ಮಳೆಗಾಲದಲ್ಲಿ ಅಮ್ಮ ಕೆಲಸದಿಂದ ಬಂದು ಒದ್ದೆ ಪ್ಲಾಸ್ಟಿಕ್ ಕೊಪ್ಪೆ ಜಗಲಿಯ ಮೊಳೆಗೆ ಸಿಕ್ಕಿಸಿ ‘ಅಬ್ಬ, ಲೈನಿಗೆ ಬಂದೆ’ ಅಂತಿದ್ಲು. ಆ ಮಾತಿನಲ್ಲಿ ಲೈನ್ ಅಂದ್ರೆ ಸಾಲಾ, ಮನೆಯಾ? ನೀವೇ ಹೇಳಿ.

ಶಾಲೆಯಲ್ಲಿ ಮಾತ್ರ ಅದೇ ಪದ ಬೇರೆ ಆಗ್ತಿತ್ತು. ‘ಲೈನ್ ಮಕ್ಕಳು ಆ ಕಡೆ ಕೂತ್ಕೊಳ್ಳಿ.’ ‘ಲೈನಿನವರ ಸ್ಕಾಲರ್‌ಶಿಪ್ ಫಾರಂ ಬಂದಿದೆ.’ ಹಾಗಾಗಿ ಆ ಹುಡುಗ ಧೈರ್ಯ ಮಾಡಿ ಬರೆದಿದ್ದಾನೆ ಅಂತ ನನಗನ್ನಿಸ್ತದೆ. ನಾನಾಗಿದ್ರೆ ಗೊತ್ತಿದ್ರೂ ‘ಗೆರೆ’ ಅಂತ ಬರೆದು ಸುಮ್ಮನಾಗ್ತಿದ್ದೆ.

ಕಕ್ಕಬ್ಬೆ ಜೇನು:
ಅಕ್ಕ, ಓದಿ ಸುಮ್ಮನೆ ಕೂತೆ. ಒಂದು ಮಾತು ಹೇಳ್ತೀನಿ, ತಪ್ಪು ತಿಳೀಬೇಡಿ. ಕೊಡವರಿಗೆ ‘ಐನ್‌ಮನೆ’, ತೋಟದ ಕೆಲಸದವರಿಗೆ ‘ಲೈನ್‌ಮನೆ’. ಕೇಳೋಕೆ ಪ್ರಾಸ ಎಷ್ಟು ಸಲೀಸು. ಮೊದಲನೆಯದು ಒಕ್ಕದ, ಅಂದ್ರೆ ಮನೆತನದ, ಮೂಲಸ್ಥಾನ. ಹಿರಿಯರ ಗುಡಿ ಕೈಮಡ, ಮೂಲಪುರುಷ ಗುರುಕಾರಣ, ನಡುಮನೆಯ ನೆಲ್ಲಕ್ಕಿ ಬಾಡೆಯ ದೀಪ ಎಲ್ಲ ಅಲ್ಲಿ. ದೇಶಾಂತರ ಹೋದವನೂ ಪುತ್ತರಿ ಸುಗ್ಗಿ ಹಬ್ಬಕ್ಕೆ ಅಲ್ಲಿಗೇ ಬರಬೇಕು. ಇನ್ನೊಂದರಲ್ಲಿ ಕೆಲಸ ಬಿಟ್ಟ ದಿನ ಪಾತ್ರೆ ಪಗಡೆ ಕಟ್ಟಬೇಕು. ಇಂಗ್ಲಿಷಿನಲ್ಲಿ ವಂಶಕ್ಕೂ ಲೈನ್ ಅಂತಾರೆ ಅಂತ ವಿರಾಜಪೇಟೆಯವರು ಬರೆದ್ರಲ್ಲ, ಆ ಲೆಕ್ಕದಲ್ಲಿ ‘ಲೈನ್’ ಇರೋದು ಐನ್‌ಮನೆಯಲ್ಲಿ. ಲೈನ್‌ಮನೆಯಲ್ಲಿ ಅದು ಬರೀ ಗೋಡೆಗಳ ಸಾಲು.

ಅಮ್ಮತ್ತಿ ತೋಟ:
ಇಷ್ಟೊತ್ತಿಗೆ ಚರ್ಚೆ ನನ್ನಂಥವರ ಕಡೆ ತಿರುಗ್ತದೆ ಅಂತ ಗೊತ್ತಿತ್ತು. ಎಲ್ಲ ತೋಟಗಳೂ ಒಂದೇ ಥರ ಇಲ್ಲ. ನಮ್ಮಲ್ಲಿ ಈಗ ಬೇರೆ ಬೇರೆ ಮನೆ, ಟೈಲ್ಸ್, ಒಳಗೇ ಬಾತ್‌ರೂಮು ಇದೆ. ‘ಲೈನ್’ ಅನ್ನೋ ಪದ ಕೇಳೋಕೆ ಸರಿ ಇಲ್ಲ ಅಂತ ಬೋರ್ಡಿನಲ್ಲಿ ‘ಕ್ವಾರ್ಟರ್ಸ್’ ಅಂತಲೇ ಬರೆಸಿದ್ದೇವೆ. ಸಣ್ಣ ಬೆಳೆಗಾರರಿಗೆ ಅಷ್ಟು ಮಾಡೋಕೆ ಕಾಫಿ ರೇಟು ಬಿಡಬೇಕಲ್ಲ. ಆಳೇ ಸಿಗದೆ ಅಸ್ಸಾಮಿನಿಂದ ಬಂದವರನ್ನ ನೆಚ್ಚಿಕೊಂಡು ಕೊಯ್ಲು ಮುಗಿಸೋ ಕಾಲ ಇದು. ಪದ ಬದಲಾಯಿಸೋದು ನಮ್ಮ ಕೈಲಿತ್ತು, ಮಾಡಿದ್ವಿ.

ಪಾಲಿಬೆಟ್ಟದ ಲೈನ್ ಹುಡುಗಿ:
ನಿಮ್ಮಲ್ಲಿ ಮನೆ ಚೆನ್ನಾಗಿದ್ರೆ ಸಂತೋಷವೇ ಅಣ್ಣ. ನಾನು ನಿಮ್ಮನ್ನ ಅಂದದ್ದಲ್ಲ. ಆದ್ರೆ ‘ಕ್ವಾರ್ಟರ್ಸ್’ ಅಂದ ಕೂಡಲೇ ಏನೂ ಬದಲಾಗಲ್ಲ. ಕೆಲಸ ಇರೋ ತನಕ ಮನೆ ಅನ್ನೋದು ಹಾಗೇ ಇದೆ ತಾನೆ? 1951ರ ತೋಟ ಕಾರ್ಮಿಕರ ಕಾಯ್ದೆ ಬಂದಾಗಲೂ ಮಾಲೀಕರು ಮನೆ ಕೊಡಬೇಕು ಅಂತ ಹೇಳಿತು, ಆ ಮನೆ ಕೆಲಸದವರದ್ದಾಗಬೇಕು ಅಂತ ಹೇಳಲಿಲ್ಲ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕಿತ್ತಾಗ ರಾಜ್ಯಕ್ಕೆಲ್ಲ ಸುದ್ದಿಯಾಯ್ತಲ್ಲ, ಅಲ್ಲಿದ್ದ ಎಷ್ಟೋ ಜನ ಲೈನ್ ಬಿಟ್ಟು ಬಂದವರೇ. ಸೋರೋ ಗುಡಿಸಲಾದ್ರೂ ಪರವಾಗಿಲ್ಲ, ‘ಹೋಗು’ ಅನ್ನೋರು ಇರಬಾರದು ಅಂತ ಬಂದಿದ್ರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟ ಕಡೆ ಮನೆ ಕಟ್ಟಿಕೊಟ್ಟರು. ಆ ಮನೆಗಳನ್ನೂ ಸಾಲಾಗೇ ಕಟ್ಟಿದ್ದಾರೆ. ಆದ್ರೆ ಅದನ್ನ ಯಾರೂ ಲೈನ್ ಅನ್ನಲ್ಲ.

ಸುಂಟಿಕೊಪ್ಪದ ರೈಟರ್:
ಕನ್ನಡದಲ್ಲಿ ‘ಸಾಲುಮನೆ’ ಅನ್ನಬಹುದು ಅಂತ ಒಬ್ಬರು ಸಾಹಿತಿ ಹಿಂದೊಮ್ಮೆ ಸಭೆಯಲ್ಲಿ ಸಲಹೆ ಕೊಟ್ಟಿದ್ರು. ಹಿಂದಿನ ಬೆಂಚಿಂದ ನಮ್ಮ ಹಳೇ ಮೇಸ್ತ್ರಿ, ‘ಸಾಲುಮನೆ ಅಲ್ಲ ಸ್ವಾಮಿ, ಸಾಲದ ಮನೆ’ ಅಂದ. ಆಳುಗಳು ತಗೊಂಡ ಅಡ್ವಾನ್ಸಿನ ಪುಸ್ತಕ ಬರೆಯೋ ಕೈ ನನ್ನದೇ. ನಾನೇನೂ ಮಾತಾಡಲಿಲ್ಲ.

ವೇದಿಕೆ ನಿರ್ವಾಹಕ:
ಎಲ್ಲರೂ ಮರ್ಯಾದೆಯಿಂದ ಬರೀತಿದ್ದೀರಿ, ಸಂತೋಷ. ಕಾರ್ಮಿಕರ ವಸತಿ ಬಗ್ಗೆ ಬೇರೆ ಚರ್ಚೆ ಶುರು ಮಾಡೋದಿದ್ರೆ ಮಾಡಿ, ಅದಕ್ಕೆ ಜಾಗ ಇದೆ. ಅಳಿಸಿದ ಎರಡು ಪ್ರತಿಕ್ರಿಯೆಗಳಲ್ಲಿ ತೋಟಗಳ ಹೆಸರಿತ್ತು, ಅದಕ್ಕೇ ಅಳಿಸಿದ್ದು.

ನಾಪೋಕ್ಲು ಟೀಚರ್:
ಪೂರ್ತಿ ಮಾರ್ಕು ಕೊಟ್ಟೆ. ಹುಳ ಅವರು ಬೇಜಾರು ಮಾಡ್ಕೋಬೇಡಿ. ಪ್ರಶ್ನೆ ‘ಅರ್ಥ ಬರೆಯಿರಿ’ ಅಂತ ಇತ್ತು, ‘ನಿಘಂಟಿನ ಮೊದಲ ಅರ್ಥ ಬರೆಯಿರಿ’ ಅಂತ ಇರಲಿಲ್ಲ. ಮುಂದಿನ ಸಲ ಪದ ಒಂದೇ ಕೊಡಲ್ಲ, ವಾಕ್ಯದೊಳಗೆ ಇಟ್ಟು ಕೇಳ್ತೀನಿ. ‘ನಿಂತರು’ ಪಕ್ಕದಲ್ಲಿದ್ರೆ ಸರತಿ, ‘ಬರೆದರು’ ಪಕ್ಕದಲ್ಲಿದ್ರೆ ಸಾಲು, ‘ಬ್ಯುಸಿ’ ಪಕ್ಕದಲ್ಲಿದ್ರೆ ಫೋನು. ಹಿಂದೆ ಮುಂದೆ ಏನೂ ಇಲ್ಲದೆ ಒಂಟಿ ಪದ ಕೊಟ್ಟು ಅರ್ಥ ಕೇಳಿದ್ರೆ ಮಕ್ಕಳು ತಮಗೆ ಗೊತ್ತಿರೋ ಜಾಗದಲ್ಲಿ ಅದನ್ನ ಇಟ್ಟು ನೋಡ್ತಾರೆ, ಅಷ್ಟೇ ತಾನೆ? ‘ಕ್ಯೂ’ ಅಂದವನಿಗೂ ಕೊಟ್ಟೆ. ಅಮೆರಿಕದವರು ‘ಲೈನ್’ ಅನ್ನೋದನ್ನ ಬ್ರಿಟನ್ನಿನವರು ‘ಕ್ಯೂ’ ಅನ್ನೋದು ಅಂತ ಅವನಿಗೆ ಗೊತ್ತಿಲ್ಲದೇ ಸರಿಯಾಗಿ ಬರೆದುಬಿಟ್ಟಿದ್ದ.

ಉಳಿದವರೂ ಬರೀರಿ. ಪಟ್ಟಿ ಬೆಳೀಲಿ.

ಗೋಣಿಕೊಪ್ಪ ಅಂಗಡಿ:
ಅಂಗಡಿಯವರ ಲೈನ್ ಬೇರೆ. ‘ಲೈನ್ ಸೇಲ್’ ಅಂದ್ರೆ ಬಿಸ್ಕತ್ತು, ಸೋಪು, ಬೀಡಿ ತುಂಬಿಕೊಂಡು ಊರೂರಿನ ಅಂಗಡಿ ಮೇಲೆ ಹೋಗೋ ವ್ಯಾನು. ಸಿದ್ದಾಪುರ ಲೈನಿಗೆ ಒಂದು ದಿನ, ಶ್ರೀಮಂಗಲ-ಕುಟ್ಟ ಲೈನಿಗೆ ಇನ್ನೊಂದು ದಿನ. ‘ಲೈನ್ ಹುಡುಗ ಬಂದಿಲ್ಲ’ ಅಂದ್ರೆ ಮಾಲು ಖಾಲಿ. ‘ಲೈನ್ ಬಸ್’ ಅಂದ್ರೆ ದಿನಾ ಓಡೋ ಬಸ್ಸು, ಮದುವೆ ಟ್ರಿಪ್ಪಿಂದಲ್ಲ. ‘ಯಾವ ಲೈನಲ್ಲಿದ್ದೀರಿ’ ಅಂದ್ರೆ ಕಸುಬು.

ರೈಲ್ವೆ ಲೈನ್ ಮಾತ್ರ ನಮ್ಮ ಜಿಲ್ಲೆಗೆ ಇನ್ನೂ ಬಂದಿಲ್ಲ. ಬರೋದು ಬೇಡ ಅನ್ನೋರೂ ಇದ್ದಾರೆ, ಆ ಜಗಳ ಇಲ್ಲಿ ಬೇಡ.

ಕುಟ್ಟದ ಕರಿಮೆಣಸು:
ಎಲ್ಲರೂ ದೊಡ್ಡವರು ಅಂತ ಮುಖ್ಯವಾದ್ದನ್ನೇ ಬಿಟ್ಟಿದ್ದೀರಿ. ‘ಲೈನ್ ಹೊಡೆಯೋದು’ 😜 ಗಡಿ ದಾಟಿ ತೋಲ್ಪೆಟ್ಟಿ ಕಡೆ ಹೋದ್ರೆ ಮಲಯಾಳದಲ್ಲೂ ಲೈನೇ. ಅಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ಪ್ರೀತಿಸೋ ಹುಡುಗಿಯೇ ‘ಲೈನ್’. ಹಿಂದಿಯಲ್ಲಿ ‘ಲೈನ್ ಮಾರ್‌ನಾ’. ಇಂಗ್ಲಿಷ್ ಸಿನಿಮಾ ಎಷ್ಟು ನೋಡಿದ್ರೂ ಈ ಅರ್ಥ ಸಿಗಲಿಲ್ಲ. ಅಲ್ಲಿ ಹುಡುಗಿಯನ್ನ ಮಾತಾಡಿಸೋಕೆ ಬಳಸೋ ಡೈಲಾಗಿಗೆ ಲೈನ್ ಅಂತಾರೆ, ಹೊಡೆಯೋದು ಬಡಿಯೋದು ಏನಿಲ್ಲ.

ನಾಪೋಕ್ಲು ಟೀಚರ್:
ಕರಿಮೆಣಸು ತಮ್ಮ, ಇದನ್ನ ಪಟ್ಟಿಗೆ ಸೇರಿಸಲ್ಲ. ಮಕ್ಕಳಿಗೆ ನನಗಿಂತ ಮೊದಲೇ ಗೊತ್ತಿರ್ತದೆ.

ಹಾಕಿ ಅಂಪೈರ್, ಮೂರ್ನಾಡು:
ಮೈದಾನದ ಲೈನ್ ಬಗ್ಗೆ ಯಾರೂ ಬರೀಲಿಲ್ಲ, ಕೊಡಗಿನವರು ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗಬೇಕು! 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಕೊಡವ ಮನೆತನಗಳ ಕೌಟುಂಬಿಕ ಹಾಕಿ ಶುರು ಮಾಡಿದ ಮೇಲೆ ಜಿಲ್ಲೆಯಲ್ಲಿ ಸುಣ್ಣದ ಗೆರೆ ಎಳೆಯದ ಮೈದಾನ ಉಂಟಾ? ಹಾಕಿ ಮೈದಾನ 91.4 ಮೀಟರ್ ಉದ್ದ, 55 ಮೀಟರ್ ಅಗಲ. ಅದರೊಳಗೆ ಸೈಡ್‌ಲೈನ್, ಬ್ಯಾಕ್‌ಲೈನ್, ಗೋಲ್‌ಲೈನ್, 23 ಮೀಟರ್ ಲೈನ್. ನಮ್ಮ ಹಳಬರು ಅದನ್ನ ಇನ್ನೂ ‘ಟ್ವೆಂಟಿಫೈವ್’ ಅಂತಲೇ ಕರೆಯೋದು, ಗಜದ ಕಾಲದ ಹೆಸರು. ಗೋಲಿನ ಮುಂದಿನ ‘ಡಿ’ ಮಾತ್ರ ಬಾಗಿದ್ದು, ಆದ್ರೆ ಅದೂ ಲೈನೇ. ಅಮ್ಮತ್ತಿ ಅಣ್ಣನ ಗುಡ್ಡದ ಹಗ್ಗದ ಹಾಗೆ.

ಎಲ್ಲ ಆಟದಲ್ಲೂ ಜಗಳ ಒಂದೇ, ಗೆರೆ ಯಾರಿಗೆ ಸೇರಿದ್ದು? ಹಾಕಿಯಲ್ಲಿ ಚೆಂಡು ಪೂರ್ತಿ ಗೆರೆ ದಾಟಿದ್ರೆ ಮಾತ್ರ ಗೋಲು. ಅರ್ಧ ಗೆರೆ ಮೇಲೆ, ಅರ್ಧ ಆಚೆ ಇದ್ರೆ ಆಟ ನಡೀತದೆ. ಶಟ್ಲಿನಲ್ಲಿ ಗೆರೆ ಮೇಲೆ ಬಿದ್ರೆ ಒಳಗೆ. ಕ್ರಿಕೆಟ್ಟಿನಲ್ಲಿ ಉಲ್ಟಾ: ಬ್ಯಾಟು ಕ್ರೀಸಿನ ಗೆರೆ ಮೇಲಿದ್ರೆ ಸಾಕಾಗಲ್ಲ, ಗೆರೆ ದಾಟಿ ಒಳಗೆ ನೆಲ ಮುಟ್ಟಬೇಕು, ಇಲ್ಲದಿದ್ರೆ ರನೌಟ್. ಇದನ್ನ ಹೇಳಿದ್ದಕ್ಕೆ ಊರಿನ ಟೂರ್ನಮೆಂಟಿನಲ್ಲಿ ನನ್ನ ಬೈಕಿನ ಗಾಳಿ ತೆಗೆದಿದ್ರು.

ಸೋಮವಾರಪೇಟೆ ಟೈಲರ್ ಅಕ್ಕ:
ಬ್ಲೌಸಿನ ಲೈನಿಂಗ್ ಕೂಡ ಇದೇ ಲೈನಾ? ಅಲ್ಲಿ ಗೆರೆಯೂ ಇಲ್ಲ, ಹಗ್ಗವೂ ಇಲ್ಲ.

ಬೆಂಗಳೂರು ಸೇರಿದ ವಿರಾಜಪೇಟೆಯವ:
ಅದೇ ಬೇರು ಅಕ್ಕ. ಅಂಗಿಯ ಒಳಗೆ ಲಿನನ್ ಬಟ್ಟೆ ಕೊಟ್ಟು ಹೊಲೀತಿದ್ರು, ಅದಕ್ಕೇ ಲೈನಿಂಗ್. ಈಗ ಕಾಟನ್ ಕೊಟ್ರೂ ಹೆಸರು ಅಗಸೆ ನಾರಿಂದೇ.

ಇದೇ ಉಸಿರಿನಲ್ಲಿ ನನ್ನ ಕಸುಬಿನ ಲೈನೂ ಹೇಳಿಬಿಡ್ತೀನಿ. ಹೆಡ್‌ಲೈನ್, ಬೈಲೈನ್ ಎಲ್ಲರಿಗೂ ಗೊತ್ತು. ‘ಡೆಡ್‌ಲೈನ್’ ಹುಟ್ಟಿದ್ದು ಮಾತ್ರ ಪತ್ರಿಕಾ ಕಚೇರಿಯಲ್ಲಲ್ಲ, ಜೈಲಿನಲ್ಲಿ. ಅಮೆರಿಕದ ಅಂತರ್ಯುದ್ಧದ ಹೊತ್ತಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನೋ ಊರಲ್ಲಿ ಯುದ್ಧಕೈದಿಗಳ ಶಿಬಿರ ಇತ್ತು, 1864ರಲ್ಲಿ ತೆರೆದದ್ದು. ಹೊರಗಿನ ದೊಡ್ಡ ಬೇಲಿಗಿಂತ ಸ್ವಲ್ಪ ಒಳಗೆ ಇನ್ನೊಂದು ಸಣ್ಣ ತಡೆ. ಅದನ್ನ ದಾಟಿದ ಕೈದಿಗೆ ಕಾವಲುಗಾರ ಗುಂಡು ಹೊಡೆಯಬಹುದು. ಅದಕ್ಕೆ ಡೆಡ್ ಲೈನ್ ಅಂತ ಹೆಸರು. ಹಸಿವು, ರೋಗದಿಂದ ಸುಮಾರು 13,000 ಜನ ಅಲ್ಲಿ ಸತ್ತರು. ಯುದ್ಧ ಮುಗಿದ ಮೇಲೆ ಶಿಬಿರದ ಮುಖ್ಯಸ್ಥ ಹೆನ್ರಿ ವಿರ್ಜ್‌ನನ್ನು 1865ರ ನವೆಂಬರಿನಲ್ಲಿ ಗಲ್ಲಿಗೇರಿಸಿದರು. ಆ ಗೆರೆ ಸುದ್ದಿಮನೆಯ ಗಡಿಯಾರಕ್ಕೆ ಬಂದದ್ದು ಇಪ್ಪತ್ತನೇ ಶತಮಾನದಲ್ಲಿ. ಈಗ ಎಲ್ಲ ಆಫೀಸಿನಲ್ಲೂ ಡೆಡ್‌ಲೈನ್, ದಾಟಿದ್ರೆ ಇಮೇಲ್ ಬರ್ತದೆ ಅಷ್ಟೇ.

ಇನ್ನೊಂದು, ‘ಹಾಟ್‌ಲೈನ್’. ಸಿನಿಮಾದಲ್ಲಿ ಕೆಂಪು ಫೋನು ತೋರಿಸ್ತಾರಲ್ಲ, 1963ರಲ್ಲಿ ವಾಷಿಂಗ್ಟನ್-ಮಾಸ್ಕೋ ನಡುವೆ ಹಾಕಿದ್ದರಲ್ಲಿ ಫೋನೇ ಇರಲಿಲ್ಲ. ಟೆಲಿಪ್ರಿಂಟರ್. ಮಾತು ಕೇಳೋಕೆ ಆಗ್ತಿರಲಿಲ್ಲ, ಅಕ್ಷರ ಬಡಿದು ಕಳಿಸಬೇಕಿತ್ತು.

ನಿಘಂಟಿನ ಹುಳ, ಕುಶಾಲನಗರ:
ನನ್ನ ಸೋಲು ಒಪ್ಪಿ ಒಂದು ಕಾಣಿಕೆ. ಸರಕಾರ ಲೈನಿಗೆ ಕನ್ನಡ ಹುಡುಕೋಕೆ ಹೋದಾಗಲೆಲ್ಲ ಬೇರೆ ಬೇರೆ ಪದ ಸಿಕ್ಕಿದೆ. ಬಿಪಿಎಲ್ ಕಾರ್ಡಿನ ‘ಎಲ್’ ರೇಖೆ ಆಯ್ತು, ಬಡತನ ರೇಖೆ. ಕಾಶ್ಮೀರದ್ದೂ ರೇಖೆ, ಗಡಿ ನಿಯಂತ್ರಣ ರೇಖೆ. ಆದ್ರೆ ಲೈನ್‌ಮ್ಯಾನ್ ‘ರೇಖೆಯಾಳು’ ಆಗಲಿಲ್ಲ, ‘ಮಾರ್ಗದಾಳು’ ಆದ. ಮಾರ್ಗದಾಳು ಅಂದ್ರೆ ರಸ್ತೆ ಗುಂಡಿ ಮುಚ್ಚೋರು ಅಂತ ನಾನು ಸುಮಾರು ಕಾಲ ಅಂದ್ಕೊಂಡಿದ್ದೆ. ಅಂದ ಹಾಗೆ ರೇಷನ್ ಅಂಗಡಿ ಮುಂದೆ ಬಿಪಿಎಲ್ ಕಾರ್ಡಿನವರು ನಿಲ್ಲೋದೂ ಲೈನಲ್ಲೇ.

ಕಂಬದ ಮೇಲಿನವ, ಮಾದಾಪುರ:
ಮಾರ್ಗದಾಳು ಬಂದೆ. ಈಗ ಅದೂ ಇಲ್ಲ, ‘ಪವರ್‌ಮ್ಯಾನ್’ ಅಂತ ಮಾಡಿದ್ದಾರೆ. ಜನಕ್ಕೆ ನಾವು ಲೈನ್‌ಮ್ಯಾನೇ. ಫೋನ್ ಮಾಡೋರೂ ‘ಕರೆಂಟ್ ಬಂತಾ’ ಅನ್ನಲ್ಲ, ‘ಲೈನ್ ಕೊಟ್ರಾ’ ಅಂತಾರೆ.

ನಮ್ಮ ಕೆಲಸದಲ್ಲಿ ದೊಡ್ಡ ಮಾತು ‘ಎಲ್‌ಸಿ’. ಲೈನ್ ಕ್ಲಿಯರ್. ಅದು ರೈಲ್ವೆಯವರ ಮಾತು, ಮುಂದಿನ ಸ್ಟೇಶನ್ನಿನ ತನಕ ಹಳಿ ಖಾಲಿ ಇದೆ, ಗಾಡಿ ಬಿಡಿ ಅಂತ. ರೈಲೇ ಇಲ್ಲದ ಜಿಲ್ಲೆಯಲ್ಲಿ ನಾವು ದಿನಾ ಅದನ್ನೇ ಹೇಳೋದು. ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿತ್ತು ಅಂದ್ಕೊಳ್ಳಿ. ಮೊದಲು ಸಬ್‌ಸ್ಟೇಶನ್ನಿನಿಂದ ಎಲ್‌ಸಿ ತಗೊಳ್ಳಬೇಕು. ಅವರು ಆ ಕಡೆಗೆ ಕರೆಂಟು ಕೊಡೋ ಫೀಡರ್ ಆಫ್ ಮಾಡಿ ಬರೆದುಕೊಳ್ತಾರೆ. ಆಮೇಲೆ ನಾವು ತಂತಿಗೆ ರಾಡ್ ಹಾಕಿ ಭೂಮಿಗೆ ಕೊಟ್ಟು, ಆಮೇಲೆ ಹತ್ತೋದು. ಇಳಿದು, ಎಲ್ಲರೂ ಕೆಳಗಿದ್ದಾರೆ ಅಂತ ಲೆಕ್ಕ ನೋಡಿ, ಎಲ್‌ಸಿ ವಾಪಸ್ ಕೊಡೋದು. ತಗೊಂಡವನೇ ಕೊಡಬೇಕು, ಬೇರೆಯವರು ಹೇಳಿದ್ರೆ ಲೈನ್ ಬಿಡಲ್ಲ.

ವಿರಾಜಪೇಟೆಯವರು ಡೆಡ್‌ಲೈನ್ ಕಥೆ ಹೇಳಿದ್ರು. ನಮ್ಮಲ್ಲಿ ಡೆಡ್ ಲೈನ್ ಅಂದ್ರೆ ಕರೆಂಟಿಲ್ಲದ ಲೈನ್, ಅದೇ ನಮಗೆ ಸುರಕ್ಷಿತ. ಆದ್ರೆ ಮಳೆಗಾಲದಲ್ಲಿ ಅದನ್ನೂ ನಂಬೋಹಾಗಿಲ್ಲ. ತೋಟದ ಬಂಗಲೆಯಲ್ಲಿ, ಹೋಂಸ್ಟೇಯಲ್ಲಿ ಜನರೇಟರ್ ಶುರು ಮಾಡ್ತಾರೆ, ಚೇಂಜ್‌ಓವರ್ ಸ್ವಿಚ್ ಇಲ್ಲದಿದ್ರೆ ಆ ಕರೆಂಟು ಮೀಟರ್ ದಾಟಿ ನಮ್ಮ ಲೈನಿಗೆ ವಾಪಸ್ ಬರ್ತದೆ. ಟ್ರಾನ್ಸ್‌ಫಾರ್ಮರ್ ಒಳಗೆ ಹೋಗಿ ಆಚೆ 11 ಕೆ.ವಿ., ಅಂದ್ರೆ ಹನ್ನೊಂದು ಸಾವಿರ ವೋಲ್ಟ್ ಆಗಿ ನಿಲ್ತದೆ. ನಾವು ಮೇಲೆ ಕೂತಿರ್ತೀವಿ. ಅದಕ್ಕೇ ರಾಡ್ ಹಾಕದೆ ಹತ್ತಬಾರದು ಅನ್ನೋದು.

ಕಕ್ಕಬ್ಬೆ ಜೇನು:
ಅಣ್ಣ, ನಮ್ಮ ಹೋಂಸ್ಟೇಯಲ್ಲಿ ಜನರೇಟರ್ ಇದೆ, ಹಿಂದಿನವರು ಹಾಕಿಸಿದ್ದು. ಚೇಂಜ್‌ಓವರ್ ಇದೆಯಾ ಇಲ್ವಾ ಅಂತ ಹೇಗೆ ನೋಡೋದು?

ಕಂಬದ ಮೇಲಿನವ, ಮಾದಾಪುರ:
ಮೇನ್ ಬೋರ್ಡಿನ ಪಕ್ಕ ನೋಡಿ. ಕೈಯಲ್ಲಿ ತಿರುಗಿಸೋ ಹಿಡಿ ಇರೋ ಪೆಟ್ಟಿಗೆ ಇರಬೇಕು. ಹಿಡಿ ಒಂದು ಕಡೆಗಿದ್ರೆ ಮೇನ್, ಇನ್ನೊಂದು ಕಡೆಗಿದ್ರೆ ಜನರೇಟರ್, ನಡುವೆ ಆಫ್. ಎರಡೂ ಒಟ್ಟಿಗೆ ಆನ್ ಆಗೋಕೆ ಸಾಧ್ಯವೇ ಇರಬಾರದು. ಅದರ ಬದಲು ಜನರೇಟರಿನ ವೈರ್ ತಂದು ಗೋಡೆಯ ಪ್ಲಗ್ಗಿಗೆ ಚುಚ್ಚಿ ಮನೆಯೆಲ್ಲ ಉರಿಸ್ತಿದ್ರೆ ಇಲ್ಲ ಅಂತಲೇ ಲೆಕ್ಕ, ನಾಳೆಯೇ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೆಸಿ. ಅಲ್ಲಿ ತನಕ ಕರೆಂಟ್ ಹೋದಾಗ ಮೇನ್ ಸ್ವಿಚ್ ಆಫ್ ಮಾಡದೆ ಜನರೇಟರ್ ಮುಟ್ಟಬೇಡಿ.

ಕಕ್ಕಬ್ಬೆ ಜೇನು:
ನೋಡಿದೆ. ಪ್ಲಗ್ಗಿಗೇ ಚುಚ್ಚಿದ್ದಾರೆ. ಗೊತ್ತಿರೋ ಎಲೆಕ್ಟ್ರಿಷಿಯನ್ ಯಾರಾದ್ರೂ ಕಕ್ಕಬ್ಬೆ ಕಡೆ ಬರ್ತಾರಾ, ನನಗೆ ಸಂದೇಶ ಹಾಕಿ.